ಒಂದೇ ಫೋಟೊದಲ್ಲಿ ಸಿಕ್ಕ ನೊಣಹಿಡುಕ

– ಚಿಕ್ಕಮ್ಮ, ನಾನು ಕಳಿಸಿದ ನೊಣಹಿಡುಕದ ಫೋಟೊ ನೋಡಿದ್ರಾ? ಹಕ್ಕಿ ನೋಡುವ ಇಬ್ಬರನ್ನು ಕೇಳಿದೆ. ಒಬ್ಬರು ಕಂದು ನೊಣಹಿಡುಕ ಅಂದರು, ಇನ್ನೊಬ್ಬರು ಕಂದು ಎದೆಯ ನೊಣಹಿಡುಕ ಅಂತ ಪಟ್ಟು ಹಿಡಿದರು. ಫೋನಿನ ಆ್ಯಪ್ ಮೊದಲನೆಯವರ ಪರ.

– ನೋಡಿದೆ. ಆದರೆ ಅದು ವಾಟ್ಸಾಪ್‌ನಲ್ಲಿ ಬಂದದ್ದು, ಬರುವ ದಾರಿಯಲ್ಲೇ ಅರ್ಧ ಸವೆದಿರುತ್ತೆ. ಅದನ್ನಿಟ್ಟುಕೊಂಡು ಹೆಸರು ಹೇಳಿದರೆ ಹಕ್ಕಿಗೆ ಅನ್ಯಾಯ. ಕ್ಯಾಮೆರಾದ ಕಾರ್ಡ್ ತಂದಿದ್ದೀಯಾ?

– ತಂದಿದ್ದೀನಿ. ಜೆಪೆಗ್ ಇದೆ, ರಾ ಫೈಲೂ ಇದೆ. ಆದರೆ ಇರೋದು ಒಂದೇ ಫೋಟೊ. ಹಳ್ಳದ ಬದಿಯಲ್ಲಿ ಹಣ್ಣು ಕುಯ್ಯಿಸ್ತಾ ಇದ್ದೆ. ಕಾಫಿ ಗಿಡದ ಒಣಕೊಂಬೆ ಮೇಲೆ, ಮೊಣಕಾಲೆತ್ತರದಲ್ಲಿ ಕೂತಿತ್ತು. ಒಂದು ಸಲ ಒತ್ತಿದೆ, ಅಷ್ಟರಲ್ಲಿ ಆಳುಗಳ ಮಾತು ಕೇಳಿ ಹಾರಿಹೋಯ್ತು.

– ಎಷ್ಟು ಹೊತ್ತಿಗೆ?

– ಸಂಜೆ ಐದೂಕಾಲು. ಡಿಸೆಂಬರ್ ಅಲ್ವಾ, ಮರದ ಕೆಳಗೆ ಆಗಲೇ ಮಬ್ಬು.

– ಸರಿ, ರಾ ಫೈಲ್ ತೆಗಿ. ಮೊದಲು ಎದೆ ನೋಡೋಣ, ಯಾಕೆಂದರೆ ನಿನ್ನ ಇಬ್ಬರೂ ಸ್ನೇಹಿತರು ಅದನ್ನೇ ನೋಡಿ ಹೇಳಿರ್ತಾರೆ. ನಿನ್ನ ಕಣ್ಣಿಗೆ ಎದೆ ಯಾವ ಬಣ್ಣ?

– ಕಂದು. ಗಂಟಲು ಬಿಳಿ, ಅದರ ಕೆಳಗೆ ಕಂದು ಪಟ್ಟಿ, ಹೊಟ್ಟೆ ಮತ್ತೆ ಬಿಳಿ.

– ಈಗ ಬಿಳಿ ಸಮತೋಲನದ ಆ ಸ್ಲೈಡರ್ ಇದೆಯಲ್ಲ, ವೈಟ್ ಬ್ಯಾಲೆನ್ಸ್ ಅನ್ನೋದು, ಅದನ್ನು 4500ಕ್ಕೆ ಎಳಿ.

– ಅರೆ, ಎದೆ ಬೂದು ಆಗಿಹೋಯ್ತಲ್ಲ.

– 6500ಕ್ಕೆ ತಗೊಂಡು ಹೋಗು.

– ಕಂದು. ಒಳ್ಳೇ ಕಡುಕಂದು.

– ಬೂದು ಎದೆ ಅಂದರೆ ಕಂದು ನೊಣಹಿಡುಕ, ಕಂದು ಎದೆ ಅಂದರೆ ಕಂದು ಎದೆಯ ನೊಣಹಿಡುಕ. ಒಂದೇ ಹಕ್ಕಿ, ಒಂದೇ ಫೈಲು, ಬೆರಳು ಎರಡಂಗುಲ ಸರಿಸಿದರೆ ಪ್ರಭೇದವೇ ಬದಲಾಗುತ್ತೆ. ಮರದ ಕೆಳಗಿನ ಬೆಳಕು ಎಲೆಗಳನ್ನು ಹಾಯ್ದು ಹಸಿರಾಗಿ ಇಳಿದಿರುತ್ತೆ. ಕ್ಯಾಮೆರಾ ಅದನ್ನು ತನಗೆ ತೋಚಿದ ಹಾಗೆ ಸರಿಮಾಡಿ, ಇಷ್ಟು ಕೆಂಪು ಇರಬೇಕು ಅಂತ ತಾನೇ ತೀರ್ಮಾನ ಮಾಡಿರುತ್ತೆ. ಹಾಗಾಗಿ ನೆರಳಿನಲ್ಲಿ ತೆಗೆದ ಫೋಟೊದಲ್ಲಿ ಎದೆಯ ಬಣ್ಣ ಇಂಥದ್ದು ಅಂತ ಹೇಳಿದರೆ ನಾನು ಸಾಕ್ಷಿ ಅಂತ ತಗೊಳ್ಳಲ್ಲ.

– ಹಾಗಾದರೆ ಫೋಟೊದಲ್ಲಿ ನಂಬೋದು ಏನನ್ನ?

– ಸ್ಲೈಡರ್ ಎಲ್ಲಿಗೆ ಎಳೆದರೂ ಬದಲಾಗದ್ದನ್ನು. ಇನ್ನೊಂದು ಸಲ ಎಳಿ, ಈ ಸಲ ಎದೆ ಬಿಡು, ರೆಕ್ಕೆ ನೋಡು. ರೆಕ್ಕೆ ಮಡಚಿದಾಗ ಬೆನ್ನಿಗೆ ಹತ್ತಿಕೊಂಡ ಹಾಗೆ ಮೇಲೆ ಮೂರು ಗರಿ ಕಾಣುತ್ತಲ್ಲ, ಅದರ ಅಂಚು.

– ಅಂಚು ಕೆಂಗಂದು. ಈ ಕಡೆ ಎಳೆದಾಗ ಸ್ವಲ್ಪ ಮಂಕಾಗುತ್ತೆ. ಆದರೆ ಬೆನ್ನೂ ಮಂಕಾಗುತ್ತೆ.

– ಅದೇ. ಬೆನ್ನಿಗಿಂತ ಅಂಚು ಯಾವಾಗಲೂ ಒಂದು ತೂಕ ಹೆಚ್ಚು ಕೆಂಪು. ಎರಡೂ ಪಕ್ಕಪಕ್ಕದಲ್ಲಿವೆ, ಎರಡರ ಮೇಲೂ ಬಿದ್ದಿರೋದು ಅದೇ ಬೆಳಕು, ಅದೇ ಕ್ಯಾಮೆರಾ. ಈ ಹೋಲಿಕೆ ಉಳಿಯುತ್ತೆ. ಒಂದೇ ಚೌಕಟ್ಟಿನೊಳಗೆ ಯಾವುದು ಯಾವುದಕ್ಕಿಂತ ತಿಳಿ, ಯಾವುದು ಯಾವುದಕ್ಕಿಂತ ಕೆಂಪು, ಇಷ್ಟನ್ನು ಫೋಟೊ ಪ್ರಾಮಾಣಿಕವಾಗಿ ಹೇಳುತ್ತೆ. ಬಿಡಿಬಣ್ಣ ಹೇಳಲ್ಲ.

– ಕೆಂಗಂದು ಅಂಚು ಇರೋದು ಕಂದು ಎದೆಯದ್ದಕ್ಕೆ ತಾನೆ? ಮುಗೀತಲ್ಲ.

– ಅದಕ್ಕೆ ಜಾಸ್ತಿ, ನಿಜ. ಆದರೆ ಕಂದು ನೊಣಹಿಡುಕದ ಆ ವರ್ಷದ ಮರಿಗಳಲ್ಲೂ ರೆಕ್ಕೆಗರಿಗೆ ತಿಳಿಕಂದು ಅಂಚು ಇರುತ್ತೆ. ಡಿಸೆಂಬರ್‌ನಲ್ಲಿ ಅದಿನ್ನೂ ಪೂರ್ತಿ ಸವೆದಿರಲ್ಲ. ಇದು ಒಂದು ಕಡೆಗೆ ವಾಲುವ ಸಾಕ್ಷಿ, ತೀರ್ಪು ಅಲ್ಲ.

– ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಚಿಕ್ಕಮ್ಮ? ಎರಡೂ ಹದಿಮೂರು ಸೆಂಟಿಮೀಟರಿನ ಕಂದು ಹಕ್ಕಿ, ಎರಡೂ ಚಳಿಗಾಲಕ್ಕೆ ಬಂದು ನೊಣ ಹಿಡಿದು ತಿಂದು ಹೋಗುವಂಥವು. ಯಾವುದಾದರೇನು?

– ಬೇಕು ಕಣೋ. ನೋಡೋಕೆ ಒಂದೇ ಥರ ಇದ್ದರೂ ಅವುಗಳ ಬದುಕು ಬೇರೆ. ಕಂದು ನೊಣಹಿಡುಕ ಭೂಮಿಯ ಎಷ್ಟೋ ಭಾಗವನ್ನು ತನ್ನದು ಮಾಡಿಕೊಂಡಿದೆ. ಸೈಬೀರಿಯಾದ ಪೂರ್ವ, ಜಪಾನ್, ಹಿಮಾಲಯದಲ್ಲಿ ಮರಿ ಮಾಡುತ್ತೆ, ನಮ್ಮ ಮಧ್ಯಭಾರತದ ಕಾಡುಗಳಲ್ಲೂ ಅಲ್ಲಲ್ಲಿ ಗೂಡು ಕಟ್ಟುತ್ತೆ. ಚಳಿಗಾಲಕ್ಕೆ ದಕ್ಷಿಣ ಏಷ್ಯಾದಿಂದ ಇಂಡೊನೇಷ್ಯಾದವರೆಗೆ ಹರಡಿಕೊಳ್ಳುತ್ತೆ. 1811ರಲ್ಲೇ ಪ್ರಕೃತಿವಿಜ್ಞಾನಿ ಪಲ್ಲಾಸ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಕಂದು ಎದೆಯದ್ದು ಹಾಗಲ್ಲ. ಅದು ಮರಿ ಮಾಡೋದು ನಮ್ಮ ಈಶಾನ್ಯ ರಾಜ್ಯಗಳಲ್ಲಿ, ಉತ್ತರ ಮ್ಯಾನ್ಮಾರ್‌ನಲ್ಲಿ, ಚೀನಾದ ದಕ್ಷಿಣದ ಗುಡ್ಡಗಳಲ್ಲಿ. ಅಲ್ಲಿಂದ ಹೊರಟು ಚಳಿಗಾಲ ಕಳೆಯೋಕೆ ಬರೋದು ಎಲ್ಲಿಗೆ ಗೊತ್ತಾ? ನಮ್ಮ ಪಶ್ಚಿಮಘಟ್ಟಕ್ಕೆ ಮತ್ತು ಶ್ರೀಲಂಕಾಕ್ಕೆ. ಇಷ್ಟೇ ಜಾಗ. ಆ ಹಕ್ಕಿಯ ಅರ್ಧ ವರ್ಷ ಈ ಹಳ್ಳದ ಬದಿಯ ಮರದ ನೆರಳನ್ನು ನಂಬಿಕೊಂಡಿದೆ. ನಿನ್ನ ತೋಟದಲ್ಲಿ ಇರೋದು ಅದೇ ಆದರೆ, ಮರಗಸಿ ಮಾಡಿಸುವಾಗ ಎಷ್ಟು ನೆರಳು ಉಳಿಸ್ತೀಯಾ, ಕಾಡುಮರ ಕಡಿದು ಸಿಲ್ವರ್ ಓಕ್ ಹಾಕ್ತೀಯಾ ಇಲ್ವಾ ಅನ್ನೋದೆಲ್ಲ ಅದಕ್ಕೂ ಸಂಬಂಧಪಟ್ಟ ವಿಷಯ.

– ಆ ಹಳ್ಳದ ಪಕ್ಕ ಇನ್ನೂ ಅತ್ತಿ, ಬಸರಿ ಎಲ್ಲ ಹಾಗೇ ಇದೆ.

– ಇರಲಿ ಬಿಡು, ಮುಟ್ಟಬೇಡ. ಇನ್ನೊಂದು ವಿಷಯ. ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯ ಮಾಡಿಸಿದ್ದು ಅದು ಮರಿ ಮಾಡುವ ಊರಿನಿಂದ ಅಲ್ಲ, ಚಳಿಗಾಲ ಕಳೆಯುವ ಊರಿನಿಂದ. ಶ್ರೀಲಂಕಾದಲ್ಲಿ ಸರ್ಕಾರಿ ಕೆಲಸದಲ್ಲಿದ್ದ ಎಡ್ಗರ್ ಲೇಯರ್ಡ್ 1854ರಲ್ಲಿ ಅದನ್ನು ವರ್ಣಿಸಿ, ತನ್ನ ಮನೆಯಾಳು ಮುತ್ತುವಿನ ಹೆಸರಿಟ್ಟ. ಮಸ್ಸಿಕಾಪಾ ಮುತ್ತುಯಿ. ಹಕ್ಕಿಯನ್ನು ತಂದುಕೊಟ್ಟವನೇ ಮುತ್ತು. ದೊರೆಗಳ, ದೊರೆಸಾನಿಯರ ಹೆಸರು ಹೊತ್ತ ಹಕ್ಕಿಗಳ ಸಾಲಿನಲ್ಲಿ ಮನೆಕೆಲಸದವನೊಬ್ಬನ ಹೆಸರು ಉಳಿದಿದೆ, ನನಗೆ ಅದು ಬಹಳ ಇಷ್ಟ. ಈಗ ಕೊಕ್ಕಿಗೆ ಬಾ.

– ಕೊಕ್ಕು ಓರೆಯಾಗಿ ಕಾಣುತ್ತೆ. ಮೇಲ್ಕೊಕ್ಕು ಕಪ್ಪು. ಕೆಳಕೊಕ್ಕು ಹಳದಿ.

– ಎರಡು ಹಕ್ಕಿಯಲ್ಲೂ ಕೆಳಕೊಕ್ಕಿನ ಬುಡ ಹಳದಿಯೇ. ಕಂದು ನೊಣಹಿಡುಕದಲ್ಲಿ ಹಳದಿ ಮುಂದಕ್ಕೆ ಹೋಗ್ತಾ ನಿಂತು, ತುದಿ ಕಪ್ಪಾಗುತ್ತೆ. ಎಲ್ಲಿ ನಿಲ್ಲುತ್ತೆ ಅನ್ನೋದು ಹಕ್ಕಿಯಿಂದ ಹಕ್ಕಿಗೆ ಬೇರೆ, ಕೆಲವಕ್ಕೆ ಅರ್ಧಕ್ಕಿಂತ ಮುಂದಕ್ಕೂ ಹೋಗಿರುತ್ತೆ. ಕಂದು ಎದೆಯದ್ದರಲ್ಲಿ ತುದಿಯವರೆಗೂ ಹಳದಿ. ಹಾಗಾಗಿ ಬುಡ ನೋಡಿ ಪ್ರಯೋಜನ ಇಲ್ಲ, ತುದಿ ಬೇಕು. ತುದಿ ಎಲ್ಲಿದೆ?

– ತುದಿ... ಕಾಣಲ್ಲ. ಹಿಂದೆ ಮರದ ಸಂದಿನಿಂದ ಆಕಾಶ ಬಿದ್ದು ಒಂದು ಬೆಳ್ಳಗಿನ ಚಕ್ರ ಆಗಿದೆ ನೋಡಿ, ಕೆಳಕೊಕ್ಕಿನ ತುದಿ ಸರಿಯಾಗಿ ಅದರೊಳಗೆ ಹೋಗಿ ಕರಗಿದೆ.

– ಮೇಲ್ಕೊಕ್ಕಿನ ತುದಿ?

– ಅದು ಕಾಣುತ್ತೆ. ಆ ಬೆಳಕಿನ ಚಕ್ರದ ಮೇಲೇ ಕಪ್ಪು ಮುಳ್ಳಿನ ಹಾಗೆ ಚೂಪಾಗಿ ಕಾಣುತ್ತೆ.

– ಈಗ ಯೋಚನೆ ಮಾಡು. ಅಷ್ಟು ಬೆಳಕಿನ ಎದುರು ಕಪ್ಪಾದ ಮೇಲ್ಕೊಕ್ಕು ಉಳಿದುಕೊಂಡಿದೆ. ಕೆಳಕೊಕ್ಕಿನ ತುದಿಯೂ ಕಪ್ಪಾಗಿದ್ದರೆ ಏನಾಗಬೇಕಿತ್ತು?

– ಅದೂ ಕಾಣಬೇಕಿತ್ತು. ತಿಳಿಬಣ್ಣ ಆಗಿದ್ದರಿಂದ ಬೆಳಕಿನಲ್ಲಿ ಕರಗಿತು, ಅಲ್ವಾ?

– ಬಹುಮಟ್ಟಿಗೆ ಹೌದು. ಪೂರ್ತಿ ಅಲ್ಲ ಯಾಕೆಂದರೆ, ಕೆಳಕೊಕ್ಕು ತೆಳ್ಳಗೆ, ಮೇಲಿನದ್ದಕ್ಕಿಂತ ಒಂಚೂರು ಗಿಡ್ಡ. ಅತಿಬೆಳಕು ಸುತ್ತ ಚೆಲ್ಲಿ ತೆಳುವಾದ ಅಂಚನ್ನು ತಿಂದುಹಾಕುತ್ತೆ. ಆದರೂ ಕಂದು ಎದೆಯ ಕಡೆಗೆ ತಕ್ಕಡಿ ಇನ್ನಷ್ಟು ವಾಲಿತು.

– ರೆಕ್ಕೆ ಆ ಕಡೆ, ಕೊಕ್ಕು ಆ ಕಡೆ. ಜೊತೆಗೆ ಹಳ್ಳದ ಪಕ್ಕ, ದಟ್ಟ ನೆರಳು, ಮೊಣಕಾಲೆತ್ತರದ ಕೊಂಬೆ, ಮಬ್ಬುಗತ್ತಲು. ಕಂದು ಎದೆಯದ್ದು ಹೀಗೇ ಇರುತ್ತೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಇನ್ನೊಂದು ಹಕ್ಕಿಯಾದರೆ ಮೇಲೆ ಬೋಳುಕೊಂಬೆಯಲ್ಲಿ ಎದ್ದು ಕಾಣುವ ಹಾಗೆ ಕೂರುತ್ತೆ. ಇಷ್ಟೆಲ್ಲ ಸೇರಿದರೆ ಸಾಲದಾ?

– ಹಳ್ಳ, ನೆರಳು, ಎತ್ತರ ಇವನ್ನು ಬರೆದಿಟ್ಟುಕೋ, ಆದರೆ ಈಗಲೇ ತಕ್ಕಡಿಗೆ ಹಾಕಬೇಡ. ನಾನು ಎಲ್ಲರ ಹತ್ತಿರವೂ ಜಗಳ ಆಡುವ ವಿಷಯ ಇದು. ಕಂದು ಎದೆಯ ಹಕ್ಕಿ ನೆರಳಿನಲ್ಲಿ ತಗ್ಗಿನಲ್ಲಿ ಕೂರುತ್ತೆ ಅಂತ ಪುಸ್ತಕಕ್ಕೆ ಹೇಗೆ ಗೊತ್ತಾಯ್ತು? ಯಾರೋ ಹಕ್ಕಿಯನ್ನು ಕಾಲು, ಕೊಕ್ಕು ನೋಡಿ ಗುರುತಿಸಿ, ಆಮೇಲೆ ಅದು ಎಲ್ಲಿ ಕೂತಿತ್ತು ಅಂತ ಬರೆದಿಟ್ಟಿದ್ದರಿಂದ. ಸಲೀಂ ಅಲಿ ಮತ್ತು ರಿಪ್ಲೆ 1968ರಿಂದ 1974ರವರೆಗೆ ಹಕ್ಕಿಗಳ ಹತ್ತು ಸಂಪುಟದ ಕೈಪಿಡಿ ತಂದರಲ್ಲ, ಅದರ ಹಿಂದೆ ಇದ್ದದ್ದು ಅಂಥ ಕೆಲಸ. ನೀನು ಈಗ ಕೂತ ಜಾಗ ನೋಡಿ ಹೆಸರು ಕೊಟ್ಟರೆ, ನಿನ್ನ ದಾಖಲೆ ಮತ್ತೆ ಆ ಜಾಗಕ್ಕೇ ಸಾಕ್ಷಿಯಾಗುತ್ತೆ. ನೆರಳಿನಲ್ಲಿ ಕೂತ ಕಂದು ನೊಣಹಿಡುಕಗಳೆಲ್ಲ ಕಂದು ಎದೆಯವಾಗುತ್ತವೆ, ಬಿಸಿಲಿಗೆ ಬಂದ ಕಂದು ಎದೆಯವೆಲ್ಲ ಇನ್ನೊಂದಾಗುತ್ತವೆ. ಕೊನೆಗೆ ಎರಡೂ ಪುಸ್ತಕದಲ್ಲಿರುವ ಹಾಗೇ ಬದುಕುತ್ತವೆ ಅಂತ ನಮ್ಮ ಲೆಕ್ಕ ತೋರಿಸುತ್ತೆ, ಹಕ್ಕಿ ಮಾತ್ರ ಬೇರೆ ಏನೋ ಮಾಡ್ತಾ ಇರುತ್ತೆ. ನೆರಳು ಕಮ್ಮಿಯಾದ ತೋಟದಲ್ಲಿ ಕಂದು ಎದೆಯದ್ದು ಹೊಂದಿಕೊಂಡಿತೋ, ಬಿಟ್ಟುಹೋಯಿತೋ ಅಂತ ತಿಳಿಯೋಕೆ ಆಮೇಲೆ ದಾರಿಯೇ ಇರಲ್ಲ.

– ಆ್ಯಪ್ ಕೂಡ ಎಲ್ಲಿ ತೆಗೆದದ್ದು, ಯಾವ ತಾರೀಖು ಅಂತ ಮೊದಲೇ ಕೇಳಿತ್ತು.

– ಕೇಳುತ್ತೆ. ಆ ಜಾಗದಲ್ಲಿ, ಆ ತಿಂಗಳಲ್ಲಿ ಯಾವುದು ಹೆಚ್ಚು ಸಿಗುತ್ತೋ ಅದನ್ನು ಮುಂದಕ್ಕೆ ತರುತ್ತೆ. ಅದರ ಕೆಲಸ ಅದು, ಹೊಸಬರಿಗೆ ಉಪಕಾರವೂ ಹೌದು. ಆದರೆ ಹಕ್ಕಿ ಕಡಿಮೆ ಸಿಗುವಂಥದ್ದಾದರೆ ಅದೇ ಲೆಕ್ಕ ಅದಕ್ಕೆ ಎದುರಾಗುತ್ತೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತಲ್ಲ, 942 ಪ್ರಭೇದಗಳ ಬಗ್ಗೆ, ಅದು ನಿಂತಿದ್ದು ಸುಮಾರು 30,000 ಹಕ್ಕಿವೀಕ್ಷಕರು ಬರೆದ ಸುಮಾರು 3 ಕೋಟಿ ದಾಖಲೆಗಳ ಮೇಲೆ. ಅಂದರೆ ನಿನ್ನಂಥವರು ತೋಟದಿಂದ ಬರುತ್ತಾ ಫೋನಿನಲ್ಲಿ ಒತ್ತಿದ್ದು. ಸಾಮಾನ್ಯ ಹಕ್ಕಿಯಲ್ಲಿ ನಾಲ್ಕು ತಪ್ಪಾದರೆ ಲಕ್ಷದಲ್ಲಿ ಮುಳುಗಿಹೋಗುತ್ತೆ. ಒಂದೇ ಥರದ ಎರಡು ಹಕ್ಕಿಗಳಲ್ಲಿ ಎಲ್ಲರೂ ಒಂದೇ ಕಡೆಗೆ ತಪ್ಪು ಮಾಡಿದರೆ ಅದು ಮುಳುಗಲ್ಲ, ಒಂದರ ಮೇಲೊಂದು ಕೂಡಿಕೊಂಡು ನಕ್ಷೆಯಾಗುತ್ತೆ. ಬಾ, ಕಾಲು ನೋಡೋಣ. ಈ ಎರಡರ ನಡುವೆ ನಿಜವಾದ ತೀರ್ಪು ಅಲ್ಲಿರೋದು. ಕಂದು ನೊಣಹಿಡುಕದ ಕಾಲು ಕಪ್ಪು, ಕಂದು ಎದೆಯದ್ದರ ಕಾಲು ತಿಳಿ, ಹಳದಿ ಬೆರೆತ ಮಾಂಸದ ಬಣ್ಣ.

– ಜೆಪೆಗ್‌ನಲ್ಲಿ ಆಗಲೇ ದೊಡ್ಡದು ಮಾಡಿ ನೋಡಿದ್ದೆ. ಒಂದೇ ಕಾಲು ಕಾಣೋದು, ಹೊಟ್ಟೆಯ ಗರಿಗೂ ಕೊಂಬೆಗೂ ನಡುವೆ ಒಂದು ತುಂಡು. ಹಳದಿಯಾಗೇ ಇದೆ. ಅದಕ್ಕೇ ನಾನು ಆ ಎರಡನೆಯವರ ಪರ ಇದ್ದದ್ದು.

– ಎಷ್ಟು ಅಗಲ ಇದೆ ಕಾಲು, ಚುಕ್ಕಿ ಎಣಿಸು.

– ನಾಲ್ಕು... ಐದು ಪಿಕ್ಸೆಲ್.

– ಕೊಂಬೆ ಯಾವ ಬಣ್ಣ?

– ಒಣಕೊಂಬೆ, ಮೇಲೆ ಕಲ್ಲುಹೂವು ಹತ್ತಿ ಹಳದಿಬೂದು.

– ಜೆಪೆಗ್ ಮಾಡುವಾಗ ಕ್ಯಾಮೆರಾ ಜಾಗ ಉಳಿಸೋಕೆ ಒಂದು ಉಪಾಯ ಮಾಡುತ್ತೆ. ಬೆಳಕು-ಕತ್ತಲೆಯ ವಿವರವನ್ನು ಚುಕ್ಕಿಚುಕ್ಕಿಗೂ ಇಟ್ಟುಕೊಳ್ಳುತ್ತೆ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಎರಡೋ ನಾಲ್ಕೋ ಚುಕ್ಕಿಗೆ ಸೇರಿಸಿ ಒಂದೇ ಅಂತ ಬರೆದುಬಿಡುತ್ತೆ. ನಮ್ಮ ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟು ತಿಳಿಯಲ್ಲ, ಹಾಗಾಗಿ ಇಡೀ ಚಿತ್ರದಲ್ಲಿ ಗೊತ್ತಾಗಲ್ಲ. ಆದರೆ ಐದು ಚುಕ್ಕಿ ಅಗಲದ ಕಾಲಿಗೆ ಬಂದರೆ, ಕೆಂಪು ಸೀರೆ ಜೊತೆ ನೆನೆಹಾಕಿದ ಬಿಳಿಪಂಚೆಯ ಹಾಗೆ ಪಕ್ಕದ ಬಣ್ಣ ಇದಕ್ಕೂ ಹತ್ತಿಬಿಟ್ಟಿರುತ್ತೆ. ನೀನು ನೋಡಿದ ಹಳದಿ ಕಾಲಿನದ್ದೋ ಕೊಂಬೆಯದ್ದೋ ಹೇಳೋಕಾಗಲ್ಲ.

– ರಾ ಫೈಲಿನಲ್ಲಿ ಆ ತೊಂದರೆ ಇಲ್ವಾ?

– ಕಮ್ಮಿ. ಆದರೆ ಅಲ್ಲೂ ಸೆನ್ಸರಿನ ಒಂದೊಂದು ಚುಕ್ಕಿ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನೇ ಅಳೆಯೋದು, ಉಳಿದೆರಡನ್ನು ಅಕ್ಕಪಕ್ಕದಿಂದ ಲೆಕ್ಕ ಹಾಕಿ ತುಂಬೋದು. ಅಷ್ಟು ಸಣ್ಣ ಜಾಗದಲ್ಲಿ ಬಣ್ಣ ಕೇಳೋದು ಬೇಡ. ಬಣ್ಣ ಪೂರ್ತಿ ತೆಗೆದುಬಿಡು, ಕಪ್ಪುಬಿಳುಪು ಮಾಡು. ಈಗ ನೋಡು, ಕಾಲು ಎಷ್ಟು ತಿಳಿ?

– ಸಾಕಷ್ಟು ತಿಳಿ.

– ಯಾವುದಕ್ಕಿಂತ?

– ...ಮೇಲ್ಕೊಕ್ಕಿಗಿಂತ. ಹೌದಲ್ಲ, ಮೇಲ್ಕೊಕ್ಕಿನ ಮಧ್ಯಭಾಗ, ಆಕಾಶ ತಾಗದ ಕಡೆ, ಇದ್ದಿಲಿನ ಹಾಗೆ ಕಪ್ಪಗಿದೆ. ಕಾಲು ಅದಕ್ಕಿಂತ ಎಷ್ಟೋ ತಿಳಿ. ಎದೆಗಿಂತಲೂ ತಿಳಿ.

– ಮೇಲ್ಕೊಕ್ಕು ಎರಡೂ ಹಕ್ಕಿಯಲ್ಲಿ ಗಾಢ, ಅದರಲ್ಲಿ ತಕರಾರಿಲ್ಲ. ಅದು ನಮಗೆ ಈ ಚಿತ್ರದೊಳಗೇ ಸಿಕ್ಕ ಅಳತೆಗೋಲು. ಕಾಲೂ ಕಪ್ಪಗಿದ್ದರೆ ಅದರಷ್ಟೇ ಕಪ್ಪು ಕಾಣಬೇಕು. ಮೇಲಿಂದ ಬೆಳಕು, ಕಾಲು ಇರೋದು ಹೊಟ್ಟೆಯ ನೆರಳಿನಲ್ಲಿ. ಅಂದರೆ ಕೊಕ್ಕಿಗೆ ಬಿದ್ದಷ್ಟು ಬೆಳಕೂ ಅದಕ್ಕೆ ಬಿದ್ದಿಲ್ಲ, ಆದರೂ ತಿಳಿಯಾಗಿದೆ. ನೆರಳು ತಿಳಿಕಾಲನ್ನು ಕಪ್ಪು ಮಾಡಬಹುದು, ಎಷ್ಟೋ ಫೋಟೊದಲ್ಲಿ ಮಾಡಿಯೂ ಇದೆ. ಕಪ್ಪು ಕಾಲನ್ನು ನೆರಳು ತಿಳಿ ಮಾಡಲ್ಲ. ಹೊಳಪಿನಿಂದ ಆಗಿರಬಹುದಾ ಅಂತ ಒಂದೇ ಅನುಮಾನ. ಉಗುರು ನೋಡು.

– ಎರಡು ಬೆರಳು ಕೊಂಬೆಯ ಮೇಲೆ ಕಾಣುತ್ತೆ. ಬೆರಳೂ ತಿಳಿ, ಉಗುರೂ ತಿಳಿ.

– ಹೊಳಪಾದರೆ ಒಂದು ಕಡೆ ಗೆರೆಯ ಹಾಗೆ ಮಿಂಚುತ್ತೆ, ಕಾಲಿನಿಂದ ಉಗುರಿನ ತನಕ ಒಂದೇ ಸಮ ಹರಡಲ್ಲ. ಕಾಲು ತಿಳಿ. ಇನ್ನು ಇದು ಕಂದು ನೊಣಹಿಡುಕ ಅಲ್ಲ.

– ಹಾಗಾದರೆ ಕಂದು ಎದೆಯದ್ದು.

– ತಡಿ. ಒಂದು ಅಲ್ಲ ಅಂದ ತಕ್ಷಣ ಇನ್ನೊಂದು ಆಗಿಬಿಡಲ್ಲ. ಮೂರನೆಯದ್ದು ಒಂದಿದೆ, ಜನ ಮರೆಯೋದು ಅದನ್ನೇ. ತುಕ್ಕುಬಾಲದ ನೊಣಹಿಡುಕ. ಪಶ್ಚಿಮ ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇದೇ ಘಟ್ಟಕ್ಕೆ ಬರುತ್ತೆ. ಅದಕ್ಕೂ ಕೆಳಕೊಕ್ಕು ತಿಳಿ, ಅದೂ ಕಂದು. ಬಾಲ ಕಂಡರೆ ಸಂಶಯವೇ ಇಲ್ಲ, ತುಕ್ಕು ಹಿಡಿದ ಕಬ್ಬಿಣದ ಕೆಂಪು.

– ಇದರಲ್ಲಿ ಬಾಲ ಎದುರಿಗಿಲ್ಲ. ಅಡಿಭಾಗ ಒಂದಿಷ್ಟು ಕಾಣುತ್ತೆ, ಅದೂ ಮಸುಕು.

– ಮುಖ ನೋಡು ಹಾಗಾದರೆ. ತುಕ್ಕುಬಾಲದ್ದರ ಮುಖ ಬರಿದು. ಗೆರೆ ಇಲ್ಲ, ಅಲಂಕಾರ ಇಲ್ಲ. ಇದರ ಗದ್ದದ ಪಕ್ಕ?

– ಬಿಳಿ ಗಂಟಲಿನ ಅಂಚಿಗೆ ಕೊಕ್ಕಿನ ಬುಡದಿಂದ ಒಂದು ಕಂದು ಗೆರೆ ಇಳಿದಿದೆ. ಅದರ ಮೇಲೆ ಮತ್ತೆ ಒಂದು ಬಿಳಿಗೆರೆ. ಕಣ್ಣಿನ ಸುತ್ತ ಬಿಳಿ ಉಂಗುರ ದಪ್ಪಗಿದೆ.

– ಕಪ್ಪುಬಿಳುಪಿನಲ್ಲೂ ಆ ಗೆರೆ ಕಾಣುತ್ತಾ?

– ಇನ್ನೂ ಚೆನ್ನಾಗಿ ಕಾಣುತ್ತೆ.

– ಈ ಮೀಸೆಗೆರೆ, ರೆಕ್ಕೆಯ ಕೆಂಗಂದು ಅಂಚು, ಇವೆರಡೂ ತುಕ್ಕುಬಾಲದ್ದಕ್ಕೆ ಹೊಂದಲ್ಲ. ಕೆಂಪು ಗಂಟಲಿನ ಸಣ್ಣ ನೊಣಹಿಡುಕಗಳ ಹೆಣ್ಣು ಇರಬಹುದಾ ಅಂದರೆ, ಅವುಗಳ ಕಾಲು ಕಪ್ಪು, ಬಾಲದ ಬುಡದ ಎರಡೂ ಪಕ್ಕ ಬಿಳಿ. ಅದು ಬಿಡು. ಈಗ ಹೇಳು, ಕಂದು ಎದೆಯ ನೊಣಹಿಡುಕ. ಈಗ ಬೇಕಾದರೆ ಹಳ್ಳವನ್ನೂ ನೆರಳನ್ನೂ ಮಬ್ಬುಗತ್ತಲನ್ನೂ ತಂದು ಪಕ್ಕದಲ್ಲಿಡು. ಅವು ಎದುರಾಡುತ್ತಿಲ್ಲ ಅಂತ ಖುಷಿಪಡೋಣ.

– ಒಂದು ವೇಳೆ ಕಾಲು ಎಲೆಯ ಹಿಂದೆ ಹೋಗಿದ್ದರೆ?

– ಆಗ ಈ ಎರಡರಲ್ಲಿ ಒಂದು ಅಂತಷ್ಟೇ ಬರೆದು ನಿಲ್ಲಿಸಬೇಕಿತ್ತು. ಹಕ್ಕಿ ದಾಖಲೆ ಹಾಕುವ ಈಬರ್ಡ್‌ನಲ್ಲೂ ಹಾಗೆ ಬರೆಯೋಕೆ ಅವಕಾಶ ಇದೆ. ಅದೂ ದಾಖಲೆಯೇ, ಅದಕ್ಕೂ ಬೆಲೆ ಇದೆ. ಆ ದಿನ ಆ ನೆರಳಿನಲ್ಲಿ ಒಂದು ವಲಸೆಯ ನೊಣಹಿಡುಕ ಇತ್ತು ಅನ್ನೋದು ಸುಳ್ಳಾಗಲ್ಲ. ಸಂದೇಹ ಇದ್ದೂ ಹೆಸರು ಬರೆದರೆ ಆ ನಿಜವೂ ಹಾಳು.

– ಫೋಟೊ ಕಾಲಕ್ಕಿಂತ ಮುಂಚೆ ಹೇಗೆ ಮಾಡ್ತಿದ್ದರು ಇದನ್ನೆಲ್ಲ? ಹಕ್ಕಿ ಹೊಡೆದು ಕೈಯಲ್ಲಿಟ್ಟುಕೊಂಡು?

– ಹೌದು. ಚರ್ಮ ಸುಲಿದು, ಹತ್ತಿ ತುಂಬಿ, ಸಂಗ್ರಹಾಲಯದಲ್ಲಿಡುತ್ತಿದ್ದರು. ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆ ಬಿಎನ್‌ಎಚ್‌ಎಸ್‌ನಲ್ಲಿ ಅಂಥ ಚರ್ಮಗಳು ಡ್ರಾಯರ್ ತುಂಬ ಇವೆ. ಅವುಗಳಲ್ಲಿ ರೆಕ್ಕೆ ಅಳೆಯಬಹುದು, ಯಾವ ಗರಿ ಯಾವುದಕ್ಕಿಂತ ಉದ್ದ ಅಂತ ನೋಡಬಹುದು, ಫೋಟೊದಲ್ಲಿ ಅದು ಸಿಗಲ್ಲ. ಆದರೆ ಸತ್ತ ಮೇಲೆ ಕಾಲು, ಕೊಕ್ಕಿನ ಬಣ್ಣ ಕೆಡುತ್ತೆ. ಅದಕ್ಕೇ ಒಳ್ಳೆಯ ಸಂಗ್ರಾಹಕರು ಹಕ್ಕಿ ಬಿಸಿಯಿರುವಾಗಲೇ ಕಾಲಿಗೆ ಕಟ್ಟುವ ಚೀಟಿಯಲ್ಲಿ ಕಣ್ಣು, ಕೊಕ್ಕು, ಕಾಲಿನ ಬಣ್ಣ ಬರೆದಿಡುತ್ತಿದ್ದರು. ಚೀಟಿಯಲ್ಲಿ ಆ ಸಾಲು ಇಲ್ಲದಿದ್ದರೆ ಡ್ರಾಯರಿನಲ್ಲಿರುವ ಹಕ್ಕಿಯೂ ನಿನ್ನ ಈ ಫೋಟೊದಷ್ಟು ಹೇಳಲ್ಲ. ನಿನ್ನ ಹಕ್ಕಿಯೋ, ಜೀವಂತ ಹಾರಿಹೋಗಿದೆ. ಮಾರ್ಚ್ ಕಳೆದರೆ ನಾಗಾಲ್ಯಾಂಡಿಗೋ ಚೀನಾಕ್ಕೋ ಹೊರಡುತ್ತೆ.

– ಹಾಗಾದರೆ ಬರೀತೀನಿ. ಎಣಿಕೆ ಒಂದು. ಹಳ್ಳದ ಬದಿ, ಹಳೆಯ ಕಾಡುಮರದ ನೆರಳಿನ ಕಾಫಿ. ಮೊಣಕಾಲೆತ್ತರ. ಗುರುತು: ಕಾಲು ಮತ್ತು ಉಗುರು ಮೇಲ್ಕೊಕ್ಕಿಗಿಂತ ಸ್ಪಷ್ಟವಾಗಿ ತಿಳಿ, ಮೀಸೆಗೆರೆ ಇದೆ, ರೆಕ್ಕೆಯ ಅಂಚು ಬೆನ್ನಿಗಿಂತ ಕೆಂಪು, ಕೆಳಕೊಕ್ಕಿನ ತುದಿ ಹಿನ್ನೆಲೆಯ ಬೆಳಕಿನಲ್ಲಿ ಕಾಣುತ್ತಿಲ್ಲ. ಎದೆಯ ಬಣ್ಣ ಬರೆಯಲಾ?

– ಬೇಡ. ಬಾಲದ ಮೇಲ್ಭಾಗ ಕಂಡಿಲ್ಲ ಅನ್ನೋದನ್ನೂ ಸೇರಿಸು. ನಾಳೆ ಯಾರಾದರೂ ತುಕ್ಕುಬಾಲದ್ದು ಇರಬಹುದು ಅಂತ ಪ್ರಶ್ನೆ ಎತ್ತಿದರೆ, ನಾವು ಏನನ್ನು ನೋಡಿದ್ದೀವಿ, ಏನನ್ನು ನೋಡಿಲ್ಲ ಅಂತ ಅವರಿಗೆ ಗೊತ್ತಾಗಲಿ.

– ವಯಸ್ಸು? ಈ ವರ್ಷದ ಮರಿಯೋ, ದೊಡ್ಡದೋ?

– ರೆಕ್ಕೆಯ ಮೇಲಿನ ಹೊದಿಕೆಗರಿಗಳ ತುದಿ ನೋಡಬೇಕು ಅದಕ್ಕೆ. ಇಲ್ಲಿ ಎದೆಯ ಗರಿ ಉಬ್ಬಿ ಅದನ್ನು ಮುಚ್ಚಿಬಿಟ್ಟಿದೆ. ಆ ಜಾಗ ಖಾಲಿ ಬಿಡು. ಫೋಟೊ ಹಾಕುವಾಗ ಬಣ್ಣ ಏರಿಸಬೇಡ, ಕ್ಯಾಮೆರಾದಿಂದ ಬಂದ ಹಾಗೇ ಹಾಕು, ಕಾಲಿನ ಭಾಗ ಮಾತ್ರ ಬೇರೆ ಕತ್ತರಿಸಿ ಎರಡನೇ ಚಿತ್ರವಾಗಿ ಸೇರಿಸು.